ಸಿಹಿನೀರು ಮೀನುಗಳ ವಯಸ್ಸು ಮತ್ತು ಬೆಳವಣಿಗೆಯ ನಿರ್ಣಯ

ನದಿ, ಕೆರೆ, ಸರೋವರ, ಜಲಾಶಯಗಳಲ್ಲಿ ಬದುಕುವ ಮೀನು ಹುಟ್ಟಿ ಎಷ್ಟು ಕಾಲವಾಯಿತು, ಆ ಅವಧಿಯಲ್ಲಿ ಅದು ಯಾವ ವೇಗದಲ್ಲಿ ಬೆಳೆಯಿತು ಎಂಬುದನ್ನು ನಿರ್ಣಯಿಸುವ ವಿಧಾನಗಳ ಅಧ್ಯಯನವು ಮತ್ಸ್ಯವಿಜ್ಞಾನದ ಮೂಲಭೂತ ಶಾಖೆಗಳಲ್ಲೊಂದು. ಸಸ್ತನಿಗಳೂ ಪಕ್ಷಿಗಳೂ ಪ್ರಾಯಕ್ಕೆ ಬಂದ ಮೇಲೆ ಬಹುಮಟ್ಟಿಗೆ ಬೆಳೆಯುವುದನ್ನು ನಿಲ್ಲಿಸುತ್ತವೆ. ಹೆಚ್ಚಿನ ಮೀನುಗಳಾದರೋ ವೇಗ ತಗ್ಗಿದರೂ ಬದುಕಿರುವವರೆಗೆ ಬೆಳೆಯುತ್ತಲೇ ಇರುತ್ತವೆ. ಆ ಬೆಳವಣಿಗೆಯಾದರೂ ನೀರಿನ ಉಷ್ಣತೆ, ಮೇವು, ಕರಗಿದ ಆಮ್ಲಜನಕ ಮತ್ತು ಮೀನುಗಳ ದಟ್ಟಣೆಯನ್ನು ಅನುಸರಿಸಿ ಏರಿಳಿಯುತ್ತದೆ. ಒಂದೇ ದಿನ ಮೊಟ್ಟೆಯೊಡೆದ ಕಾಟ್ಲಾ ಮರಿಗಳನ್ನು ಎರಡು ಕೆರೆಗಳಿಗೆ ಬಿಟ್ಟರೆ, ಮೇವು ಹೇರಳವಾಗಿರುವ ಕೆರೆಯಲ್ಲಿ ಅವು ವರ್ಷ ತುಂಬುವುದರೊಳಗೆ ಮಾರಾಟದ ಗಾತ್ರಕ್ಕೆ ಬಂದು, ಮರಿಗಳು ಕಿಕ್ಕಿರಿದ ಇನ್ನೊಂದು ಕೆರೆಯಲ್ಲಿ ಅಂಗೈಯುದ್ದಕ್ಕೇ ನಿಂತುಬಿಡಬಹುದು. ಗಾತ್ರವನ್ನು ಕಂಡು ವಯಸ್ಸನ್ನು ಹೇಳಲಾಗದ ಈ ಸ್ಥಿತಿಯಿಂದಾಗಿಯೇ ವಯಸ್ಸಿನ ಪ್ರತ್ಯೇಕ ಸಾಕ್ಷ್ಯವನ್ನು ಮೀನಿನ ದೇಹದಲ್ಲಿ ಹುಡುಕಬೇಕಾಯಿತು.

ಒಂದು ಮೀನುಸಂಕುಲದಲ್ಲಿ ಯಾವ ವಯಸ್ಸಿನ ಮೀನುಗಳು ಎಷ್ಟಿವೆ ಎಂಬುದು ತಿಳಿದರೆ, ಅವು ಎಷ್ಟನೆಯ ವರ್ಷದಲ್ಲಿ ಮೊಟ್ಟೆಯಿಡಲು ತೊಡಗುತ್ತವೆ, ವರ್ಷಕ್ಕೆ ಶೇಕಡ ಎಷ್ಟು ಸಾಯುತ್ತವೆ, ಯಾವ ವರ್ಷ ಮರಿಗಳು ಹೆಚ್ಚಾಗಿ ಉಳಿದವು, ಯಾವ ವರ್ಷ ಉಳಿಯಲೇ ಇಲ್ಲ ಎಂಬುದನ್ನೆಲ್ಲ ಲೆಕ್ಕಹಾಕಬಹುದು. ಬಲೆಯ ಕಣ್ಣು ಎಷ್ಟು ಅಗಲವಿರಬೇಕು, ಯಾವ ತಿಂಗಳುಗಳಲ್ಲಿ ಮೀನುಗಾರಿಕೆಯನ್ನು ನಿಷೇಧಿಸಬೇಕು, ಒಂದು ಜಲಾಶಯದಿಂದ ವರ್ಷಕ್ಕೆ ಎಷ್ಟು ಮೀನು ತೆಗೆದರೆ ಸಂಕುಲ ಕುಸಿಯದು ಎಂಬ ತೀರ್ಮಾನಗಳು ಈ ಲೆಕ್ಕದ ಮೇಲೆ ನಿಂತಿರುತ್ತವೆ. ವಯಸ್ಸನ್ನು ಇದ್ದುದಕ್ಕಿಂತ ಕಡಿಮೆಯೆಂದು ಎಣಿಸಿದರೆ ಮೀನು ಬೇಗ ಬೆಳೆಯುತ್ತದೆ, ಬೇಗ ಸಾಯುತ್ತದೆ, ಬೇಗ ತುಂಬಿಕೊಳ್ಳುತ್ತದೆ ಎಂಬ ತಪ್ಪು ಚಿತ್ರ ಮೂಡಿ, ಸಂಕುಲ ತಾಳಲಾರದಷ್ಟು ಮೀನನ್ನು ಹಿಡಿಯಲು ಅನುಮತಿ ದೊರೆಯುತ್ತದೆ.

ಚಾರಿತ್ರಿಕ ಹಿನ್ನೆಲೆ

ಮೀನುಗಳು ಶತಮಾನಗಳ ಕಾಲ ಬದುಕುತ್ತವೆಂಬ ನಂಬಿಕೆ ಯುರೋಪಿನಲ್ಲಿ ಬಹುಕಾಲ ಪ್ರಚಲಿತವಾಗಿತ್ತು. 1497ರಲ್ಲಿ ಜರ್ಮನಿಯ ಹೈಲ್‌ಬ್ರಾನ್ ಬಳಿ ಸಿಕ್ಕಿತೆನ್ನಲಾದ ಪೈಕ್ ಮೀನೊಂದರ ಮೈಮೇಲೆ 1230ರಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕ್ ತೊಡಿಸಿದ ಉಂಗುರವಿತ್ತೆಂದೂ ಆದ್ದರಿಂದ ಅದಕ್ಕೆ 267 ವರ್ಷವಾಗಿತ್ತೆಂದೂ ಹೇಳಲಾಗುತ್ತಿತ್ತು. ಆ ಮೀನಿನದೆಂದು ಕಾಪಾಡಿಕೊಂಡು ಬಂದಿದ್ದ ಅಸ್ಥಿಪಂಜರವನ್ನು ಮುಂದೆ ಪರೀಕ್ಷಿಸಿದಾಗ ಉದ್ದವನ್ನು ಹೆಚ್ಚಿಸಲು ಬೇರೆ ಬೆನ್ನೆಲುಬಿನ ಮಣಿಗಳನ್ನು ಸೇರಿಸಿದ್ದುದು ಕಂಡುಬಂದಿತು. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಡಚ್ ಸೂಕ್ಷ್ಮದರ್ಶಕಶಾಸ್ತ್ರಜ್ಞ ಲೇವನ್‌ಹುಕ್ ಮೀನಿನ ಹುರುಪೆಯ ಮೇಲಿನ ಗೆರೆಗಳನ್ನು ಗಮನಿಸಿದ್ದನಾದರೂ, ವಯಸ್ಸನ್ನು ಕ್ರಮಬದ್ಧವಾಗಿ ಎಣಿಸಿ ಪ್ರಕಟಿಸಿದ ಮೊದಲಿಗನೆಂದು ಸ್ವೀಡನ್ನಿನ ಪಾದ್ರಿ ಹಾನ್ಸ್ ಹೆಡರ್‌ಸ್ಟ್ರೋಮ್‌ನನ್ನು ಪರಿಗಣಿಸಲಾಗಿದೆ. ಅವನು 1759ರಲ್ಲಿ ಪೈಕ್ ಮೀನಿನ ಬೆನ್ನೆಲುಬಿನ ಮಣಿಗಳ ಮೇಲಿನ ಉಂಗುರಗಳನ್ನು ಎಣಿಸಿ, ಈ ಮೀನಿನ ಆಯುಸ್ಸನ್ನು ದಂತಕಥೆಯಿಂದ ಬಿಡಿಸಿ ವಾಸ್ತವಕ್ಕೆ ತಂದನು.

ಈ ಕೆಲಸ ನೂರಕ್ಕೂ ಹೆಚ್ಚು ವರ್ಷ ಮರೆವಿಗೆ ಸಂದಿತ್ತು. 1898ರಲ್ಲಿ ಜರ್ಮನಿಯ ಹಾಫ್‌ಬಾವರ್, ಕೊಳಗಳಲ್ಲಿ ಸಾಕಿದ, ಹುಟ್ಟಿದ ವರ್ಷ ಮೊದಲೇ ಗೊತ್ತಿದ್ದ ಸಾಮಾನ್ಯ ಗೆಂಡೆಯ ಹುರುಪೆಗಳನ್ನು ಪರೀಕ್ಷಿಸಿ, ವರ್ಷಕ್ಕೊಂದು ಉಂಗುರ ಮೂಡುವುದನ್ನು ತೋರಿಸಿದನು. ಮರುವರ್ಷವೇ ರೈಬಿಶ್ ಸಮುದ್ರದ ಚಪ್ಪಟೆ ಮೀನೊಂದರ ಕಿವಿಗಲ್ಲಿನಲ್ಲಿ, ಎಂದರೆ ಒಳಗಿವಿಯ ಕಲ್ಲಿನಲ್ಲಿ, ಅಂಥದೇ ವಲಯಗಳನ್ನು ಗುರುತಿಸಿದನು. ಡೆನ್ಮಾರ್ಕಿನ ಪೀಟರ್‌ಸನ್ 1890ರ ದಶಕದ ಆರಂಭದಲ್ಲಿ ಉಂಗುರಗಳ ಹಂಗಿಲ್ಲದೆ, ಕೇವಲ ಉದ್ದದ ಅಳತೆಗಳಿಂದ ವಯಸ್ಸಿನ ಗುಂಪುಗಳನ್ನು ಬೇರ್ಪಡಿಸುವ ದಾರಿಯನ್ನು ತೋರಿದ್ದನು. ಇಂದಿನ ವಿಧಾನಗಳಲ್ಲಿ ಬಹುಪಾಲು ಈ ಹತ್ತು ವರ್ಷಗಳಲ್ಲಿ ಬೇರು ಬಿಟ್ಟವು. ಹಾಫ್‌ಬಾವರನ ಕೆಲಸದ ನಿಜವಾದ ಬೆಲೆಯಿರುವುದು ಉಂಗುರವನ್ನು ಕಂಡದ್ದರಲ್ಲಿ ಅಲ್ಲ, ಅದನ್ನು ವಯಸ್ಸು ಗೊತ್ತಿರುವ ಮೀನಿನೊಡನೆ ಒರೆಗೆ ಹಚ್ಚಿದ್ದರಲ್ಲಿ ಎಂಬುದು ಮಾತ್ರ ತಡವಾಗಿ ಅರಿವಿಗೆ ಬಂದಿತು.

ವಯಸ್ಸನ್ನು ದಾಖಲಿಸುವ ಗಟ್ಟಿ ಭಾಗಗಳು

ಮರದ ಕಾಂಡದಲ್ಲಿ ಬೆಳವಣಿಗೆಯ ಋತುವಿಗೂ ವಿರಾಮದ ಋತುವಿಗೂ ತಕ್ಕಂತೆ ಉಂಗುರಗಳು ಮೂಡುವಂತೆಯೇ ಮೀನಿನ ಹುರುಪೆ, ಮೂಳೆ ಮತ್ತು ಕಿವಿಗಲ್ಲುಗಳಲ್ಲಿಯೂ ಋತುಮಾನದ ಗುರುತುಗಳು ಉಳಿಯುತ್ತವೆ. ಶಲ್ಕವೆಂದೂ ಕರೆಯಲಾಗುವ ಹುರುಪೆಯು ನಡುವಿನ ಬಿಂದುವಿನಿಂದ ಆರಂಭವಾಗಿ ಅಂಚಿನತ್ತ ಬೆಳೆಯುತ್ತ, ತನ್ನ ಮೇಲ್ಮೈಯಲ್ಲಿ ಅತಿಸೂಕ್ಷ್ಮವಾದ ವೃತ್ತರೇಖೆಗಳನ್ನು ಬಿಡುತ್ತದೆ. ಮೀನು ಚೆನ್ನಾಗಿ ಬೆಳೆಯುವಾಗ ಈ ರೇಖೆಗಳ ನಡುವೆ ಅಂತರ ಹೆಚ್ಚಿರುತ್ತದೆ, ಬೆಳವಣಿಗೆ ಕುಂಠಿತವಾದಾಗ ಅವು ಒತ್ತೊತ್ತಾಗಿ ಬರುತ್ತವೆ; ಮತ್ತೆ ಬೆಳವಣಿಗೆ ಚುರುಕಾದಾಗ ಹೊಸ ರೇಖೆಯೊಂದು ಅಪೂರ್ಣವಾಗಿ ನಿಂತ ಹಳೆಯ ರೇಖೆಗಳ ತುದಿಗಳನ್ನು ಕತ್ತರಿಸಿಕೊಂಡು ಸಾಗುತ್ತದೆ. ಹೀಗೆ ಒತ್ತಾದ ಪಟ್ಟಿಯೂ ಅದರ ಹೊರಗಿನ ಕತ್ತರಿಸಿದ ಗೆರೆಯೂ ಕೂಡಿ ವರ್ಷವಲಯವೆನಿಸುತ್ತದೆ. ಸಾಮಾನ್ಯವಾಗಿ ಬೆನ್ನಿನ ಈಜುರೆಕ್ಕೆಯ ಕೆಳಗೆ, ಪಾರ್ಶ್ವರೇಖೆಯ ಮೇಲುಭಾಗದಿಂದ ಹುರುಪೆಗಳನ್ನು ಕಿತ್ತು, ತೊಳೆದು, ಎರಡು ಗಾಜಿನ ಪಟ್ಟಿಗಳ ನಡುವೆ ಇಟ್ಟು, ಬೆಳಕು ಹಾಯಿಸಿ ಹಿಗ್ಗಿಸಿ ನೋಡುತ್ತಾರೆ. ಗಾಯವಾಗಿ ಉದುರಿದ ಜಾಗದಲ್ಲಿ ಹೊಸದಾಗಿ ಬೆಳೆದ ಹುರುಪೆಯ ನಡುಭಾಗ ಗೆರೆಗಳಿಲ್ಲದೆ ಬೋಳಾಗಿರುವುದರಿಂದ ಅಂಥವನ್ನು ಬದಿಗಿಡಬೇಕು.

ಮೀನನ್ನು ಕೊಲ್ಲದೆ ಪಡೆಯಬಹುದೆಂಬುದು ಹುರುಪೆಯ ದೊಡ್ಡ ಅನುಕೂಲ. ಆದರೆ ಅದಕ್ಕೆ ಎರಡು ದೋಷಗಳಿವೆ. ಉಪವಾಸ ಬಿದ್ದಾಗ ಅಥವಾ ಮೊಟ್ಟೆಯಿಡುವ ಕಾಲದಲ್ಲಿ ಮೀನಿನ ದೇಹ ಹುರುಪೆಯ ಸುಣ್ಣದಂಶವನ್ನು ಹೀರಿಕೊಂಡು ಅಂಚನ್ನು ಸವೆಸಬಹುದು. ಮುದಿ ಮೀನಿನಲ್ಲಿ ದೇಹದ ಬೆಳವಣಿಗೆ ಬಹುತೇಕ ನಿಂತಾಗ ಹುರುಪೆಯೂ ಬೆಳೆಯದೆ, ಹಲವು ವರ್ಷಗಳ ಉಂಗುರಗಳು ಅಂಚಿನಲ್ಲಿ ಒಂದರೊಳಗೊಂದು ಸೇರಿ ಎಣಿಕೆಗೆ ಸಿಗದಂತಾಗುತ್ತವೆ. ಬಾಳೆಮೀನು, ಚೇಳುಮೀನು ಮೊದಲಾದ ಮೀಸೆಮೀನುಗಳಿಗಂತೂ ಹುರುಪೆಯೇ ಇಲ್ಲ. ಮೀಸೆಮೀನುಗಳಲ್ಲಿ ಬೆನ್ನೆಲುಬಿನ ಮಣಿಗಳನ್ನೂ ಎದೆಯ ಈಜುರೆಕ್ಕೆಯ ಮುಳ್ಳಿನ ಅಡ್ಡಕೊಯ್ತಗಳನ್ನೂ ಬಳಸುವುದುಂಟು, ಆದರೆ ಮುಳ್ಳಿನ ನಡುವಿನ ಟೊಳ್ಳು ವಯಸ್ಸಾದಂತೆ ಅಗಲವಾಗಿ ಮೊದಲ ವರ್ಷಗಳ ಉಂಗುರಗಳನ್ನು ನುಂಗಿಬಿಡುತ್ತದೆ. ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದ ಪರ್ಚ್ ಮೀನಿನ ಕಿವಿರು ಮುಚ್ಚಳದ ಮೂಳೆಯಿಂದ ವಯಸ್ಸನ್ನು ನಿರ್ಣಯಿಸಿ ಲೆ ಕ್ರೆನ್ 1947ರಲ್ಲಿ ಪ್ರಕಟಿಸಿದ ಅಧ್ಯಯನ ಸಿಹಿನೀರಿನ ಕ್ಷೇತ್ರದಲ್ಲಿ ಇಂದಿಗೂ ಮಾದರಿಯಾಗಿದೆ. ಕುದಿನೀರಿನಲ್ಲಿ ಅದ್ದಿ ಮಾಂಸ ಬಿಡಿಸಿದರೆ ಸಾಕು, ಈ ತೆಳುಮೂಳೆಯ ಮೇಲೆ ವಲಯಗಳು ಬರಿಗಣ್ಣಿಗೂ ಕಾಣುತ್ತವೆ.

ಇವೆಲ್ಲಕ್ಕಿಂತ ನಂಬಲರ್ಹವಾದ ದಾಖಲೆ ಕಿವಿಗಲ್ಲು ಅಥವಾ ಓಟೋಲಿತ್. ಮೀನಿನ ತಲೆಬುರುಡೆಯೊಳಗಿನ ಒಳಗಿವಿಯಲ್ಲಿ ಸಮತೋಲ ಮತ್ತು ಶ್ರವಣಕ್ಕೆ ನೆರವಾಗುವ ಮೂರು ಜೊತೆ ಕಲ್ಲುಗಳಿದ್ದು, ಅವಕ್ಕೆ ಸ್ಯಾಜಿಟ, ಲ್ಯಾಪಿಲಸ್ ಮತ್ತು ಆಸ್ಟರಿಸ್ಕಸ್ ಎಂದು ಹೆಸರು. ಪ್ರೋಟೀನಿನ ತೆಳ್ಳನೆಯ ಹಂದರದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟು ಪದರಪದರವಾಗಿ ಶೇಖರವಾಗಿ ಇವು ಬೆಳೆಯುತ್ತವೆ. ಹೆಚ್ಚಿನ ಮೀನುಗಳಲ್ಲಿ ಸ್ಯಾಜಿಟವೇ ದೊಡ್ಡದು. ಗೆಂಡೆ ಮತ್ತು ಮೀಸೆಮೀನುಗಳಲ್ಲಿ ಅದು ಸೂಜಿಯಷ್ಟು ತೆಳುವಾಗಿದ್ದು ಸುಲಭವಾಗಿ ಮುರಿಯುವುದರಿಂದ ಉಳಿದೆರಡನ್ನು ಅವಲಂಬಿಸಬೇಕಾಗುತ್ತದೆ. ಕಿವಿಗಲ್ಲಿನಲ್ಲಿ ಒಮ್ಮೆ ಶೇಖರವಾದ ಪದರವನ್ನು ದೇಹವು ಮರಳಿ ಹೀರಿಕೊಳ್ಳುವುದಿಲ್ಲ. ಮೀನಿನ ಉದ್ದ ಹೆಚ್ಚುವುದು ನಿಂತ ಮೇಲೂ ಕಲ್ಲು ದಪ್ಪವಾಗುತ್ತಲೇ ಇರುತ್ತದೆ. ಚಿಕ್ಕ ಮೀನಿನ ಕಿವಿಗಲ್ಲನ್ನು ಹಾಗೆಯೇ ನೋಡಬಹುದಾದರೂ ದೊಡ್ಡ ಮೀನಿನದನ್ನು ಮುರಿದು ಜ್ವಾಲೆಯಲ್ಲಿ ಕಂದಿಸಿ, ಅಥವಾ ರಾಳದಲ್ಲಿ ಹುದುಗಿಸಿ ವಜ್ರದ ಅಲಗಿನ ಗರಗಸದಿಂದ ಕಾಗದದಷ್ಟು ತೆಳುವಾಗಿ ಕೊಯ್ದು ನೋಡಬೇಕು. 1971ರಲ್ಲಿ ಪ್ಯಾನೆಲ್ಲ ಎಂಬ ವಿಜ್ಞಾನಿ ಕಿವಿಗಲ್ಲಿನಲ್ಲಿ ದಿನಕ್ಕೊಂದರಂತೆ ಮೂಡುವ ಸೂಕ್ಷ್ಮ ರೇಖೆಗಳನ್ನು ವರದಿ ಮಾಡಿದ ಬಳಿಕ, ಮರಿಮೀನಿನ ವಯಸ್ಸನ್ನು ದಿನಗಳಲ್ಲಿ ಎಣಿಸಿ ಅದು ಯಾವ ವಾರದಲ್ಲಿ ಮೊಟ್ಟೆಯೊಡೆಯಿತೆಂದು ಹಿಂದಕ್ಕೆ ಲೆಕ್ಕಹಾಕುವುದು ಸಾಧ್ಯವಾಯಿತು.

ಉಷ್ಣವಲಯದ ಸಮಸ್ಯೆ

ಈ ವಿಧಾನಗಳೆಲ್ಲ ಹುಟ್ಟಿದ್ದು ಚಳಿಗಾಲದಲ್ಲಿ ಸರೋವರಗಳು ಹೆಪ್ಪುಗಟ್ಟುವ ನಾಡುಗಳಲ್ಲಿ. ನೀರು ತಣ್ಣಗಾದಾಗ ಮೀನು ಮೇವು ಬಿಡುತ್ತದೆ, ಬೆಳವಣಿಗೆ ನಿಲ್ಲುತ್ತದೆ, ಉಂಗುರ ಮೂಡುತ್ತದೆ. ಕಾರಣ ಸ್ಪಷ್ಟ, ಅದು ವರ್ಷಕ್ಕೊಮ್ಮೆಯೇ ಬರುವಂಥದು. ದಕ್ಷಿಣ ಭಾರತದ ನೀರು ಡಿಸೆಂಬರಿನಲ್ಲಿಯೂ ಮೀನಿನ ಬೆಳವಣಿಗೆ ಸಂಪೂರ್ಣ ನಿಲ್ಲುವಷ್ಟು ತಣ್ಣಗಾಗುವುದಿಲ್ಲ. ಆದ್ದರಿಂದ ಉಷ್ಣವಲಯದ ಮೀನುಗಳಲ್ಲಿ ನಂಬಬಹುದಾದ ಉಂಗುರಗಳೇ ಇರಲಾರವೆಂದು ಬಹಳ ಕಾಲ ಭಾವಿಸಲಾಗಿತ್ತು.

ಆ ಭಾವನೆಯನ್ನು ಅಲುಗಿಸಿದ ಕೆಲಸಗಳಲ್ಲೊಂದು ಪಶ್ಚಿಮ ಕರಾವಳಿಯಲ್ಲಿ ನಡೆಯಿತು. ಮೈಸೂರು ಸೀಮೆಯ ಕಡೂರು ಜಿಲ್ಲೆಯ ಮೀನುಗಳನ್ನು ಕುರಿತು 1941ರಲ್ಲಿಯೇ ಸಹಲೇಖಕರಾಗಿ ಬರೆದಿದ್ದ ಬಿ. ಎಸ್. ಭೀಮಾಚಾರ್ ಅವರು ಜಿ. ಶೇಷಪ್ಪ ಅವರೊಡನೆ 1950ರ ದಶಕದ ಆರಂಭದಲ್ಲಿ ಮಲಬಾರ್ ತೀರದ ನಂಗು ಮೀನಿನ ಹುರುಪೆಗಳನ್ನು ಅಧ್ಯಯನ ಮಾಡಿ, ನೈರುತ್ಯ ಮುಂಗಾರಿನ ತಿಂಗಳುಗಳಲ್ಲಿ ಮೇವಿನ ಅಭಾವದಿಂದ ಬೆಳವಣಿಗೆ ಕುಂಠಿತವಾಗಿ ಉಂಗುರ ಮೂಡುತ್ತದೆಂದು ತೋರಿಸಿದರು. ಅದು ಕಡಲ ಮೀನಾದರೂ ಅದರಿಂದ ಸಿಕ್ಕ ಪಾಠ ಸಿಹಿನೀರಿಗೂ ಅನ್ವಯಿಸುತ್ತದೆ: ಚಳಿಗಾಲದ ಕೆಲಸವನ್ನು ಇಲ್ಲಿ ಮಳೆಗಾಲವೂ ಮಾಡಬಲ್ಲದು. ವಿ. ಜಿ. ಝಿಂಗ್ರನ್ ಅವರು ಗಂಗಾನದಿಯ ಮೃಗಾಲ್ ಮೀನನ್ನು ಕುರಿತು 1959ರಲ್ಲಿ ಪ್ರಕಟಿಸಿದ ಅಧ್ಯಯನ, ನಟರಾಜನ್ ಮತ್ತು ಝಿಂಗ್ರನ್ ಅವರು 1963ರಲ್ಲಿ ಯಮುನೆಯ ಕಾಟ್ಲಾ ಬಗ್ಗೆ ಬರೆದುದು, ಖಾನ್ ಮತ್ತು ಸಿದ್ದಿಕಿ ಅವರು 1973ರಲ್ಲಿ ಗಂಗಾ, ಯಮುನಾ ಮತ್ತು ಒಂದು ಕಂದಕದ ರೋಹು ಮೀನುಗಳನ್ನು ಹೋಲಿಸಿದ್ದು, ಇವು ಭಾರತದ ಪ್ರಮುಖ ಗೆಂಡೆಗಳ ಬೆಳವಣಿಗೆಯ ಜ್ಞಾನಕ್ಕೆ ಅಡಿಪಾಯ ಹಾಕಿದವು. ಉಂಗುರಕ್ಕೆ ಕಾರಣವೇನೆಂಬ ಬಗ್ಗೆ ಮಾತ್ರ ಒಂದೇ ಉತ್ತರವಿಲ್ಲ. ಅಂಡಾಶಯ, ವೃಷಣಗಳು ಬಲಿಯುವಾಗ ದೇಹದ ಶಕ್ತಿಯೆಲ್ಲ ಅತ್ತ ಹರಿಯುವುದು, ಮೊಟ್ಟೆಯಿಡುವ ಕಾಲದಲ್ಲಿ ಮೇವು ತಗ್ಗುವುದು, ಬೇಸಿಗೆಯಲ್ಲಿ ನೀರು ಇಳಿದು ಮೀನುಗಳು ಒತ್ತಾಗುವುದು, ಉತ್ತರದ ನದಿಗಳಲ್ಲಿ ಚಳಿ, ಇವುಗಳಲ್ಲಿ ಯಾವುದಾದರೊಂದು ಅಥವಾ ಹಲವು ಸೇರಿ ಕಾರಣವಾಗಬಹುದು. ಒಂದೇ ವರ್ಷದಲ್ಲಿ ಎರಡು ಕಾರಣಗಳು ಬೇರೆ ಬೇರೆ ತಿಂಗಳಲ್ಲಿ ಎರಗಿದರೆ ಎರಡು ಉಂಗುರಗಳು ಮೂಡುತ್ತವೆ. ವರ್ಷವಲ್ಲದ ಇಂಥ ಗುರುತನ್ನು ಹುಸಿ ಉಂಗುರವೆನ್ನುತ್ತಾರೆ. ತುಂಗಭದ್ರಾ ಅಥವಾ ಕೃಷ್ಣರಾಜಸಾಗರದಂಥ ಜಲಾಶಯಗಳಲ್ಲಿ ಮುಂಗಾರಿಗೆ ಮುನ್ನ ನೀರು ತಳಕ್ಕಿಳಿದು ಮುಂಗಾರಿನಲ್ಲಿ ಏಕಾಏಕಿ ತುಂಬಿಕೊಳ್ಳುವುದರಿಂದ, ಅಲ್ಲಿಯ ಮೀನಿನ ಹುರುಪೆಯನ್ನು ಓದುವವರು ನೀರಿನ ಮಟ್ಟದ ದಾಖಲೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು.

ಉಂಗುರ ವರ್ಷದ್ದೇ ಎಂಬುದರ ಪರೀಕ್ಷೆ

ಎಣಿಸುವುದು ಸುಲಭ; ಎಣಿಸಿದ್ದು ವರ್ಷವೇ ಎಂದು ಸಾಧಿಸುವುದು ಕಷ್ಟ. ಇಬ್ಬರು ಓದುಗರು ಒಂದೇ ಕಿವಿಗಲ್ಲನ್ನು ಬೇರೆ ಬೇರೆಯಾಗಿ ನೋಡಿ ಏಳು ಉಂಗುರಗಳೆಂದು ಒಪ್ಪಿದರೆ ಅದು ಎಣಿಕೆಯ ಸ್ಥಿರತೆಯನ್ನು ತೋರಿಸುತ್ತದೆಯೇ ಹೊರತು ಮೀನಿಗೆ ಏಳು ವರ್ಷವೆಂಬುದನ್ನಲ್ಲ, ಏಕೆಂದರೆ ಇಬ್ಬರೂ ಒಂದೇ ತಪ್ಪನ್ನು ಮಾಡುತ್ತಿರಬಹುದು. 1983ರಲ್ಲಿ ಬೀಮಿಶ್ ಮತ್ತು ಮ್ಯಾಕ್‌ಫಾರ್ಲೇನ್ ಎಂಬ ಕೆನಡಾದ ವಿಜ್ಞಾನಿಗಳು, ವಯಸ್ಸನ್ನು ವರದಿ ಮಾಡಿದ ಅಧ್ಯಯನಗಳಲ್ಲಿ ಬಹುಪಾಲು ಈ ಪರೀಕ್ಷೆಯನ್ನೇ ಕೈಬಿಟ್ಟಿವೆ ಎಂದು ಎತ್ತಿ ತೋರಿಸಿದ್ದು ಈ ಕ್ಷೇತ್ರದ ಬಹುಮುಖ್ಯ ಎಚ್ಚರಿಕೆ.

ಪರೀಕ್ಷೆಗೆ ಹಲವು ದಾರಿಗಳಿವೆ. ತಿಂಗಳು ತಿಂಗಳೂ ಮೀನು ಹಿಡಿದು, ಕೊನೆಯ ಉಂಗುರದಿಂದ ಅಂಚಿನವರೆಗಿನ ಅಂತರವನ್ನು ಅಳೆಯುತ್ತ ಹೋದರೆ, ವರ್ಷದಲ್ಲಿ ಒಮ್ಮೆ ಮಾತ್ರ ಆ ಅಂತರ ತಟ್ಟನೆ ಕುಗ್ಗುವುದು ಕಂಡುಬರಬೇಕು. ಎರಡು ಸಲ ಕುಗ್ಗಿದರೆ ವರ್ಷಕ್ಕೆ ಎರಡು ಉಂಗುರ ಮೂಡುತ್ತಿವೆಯೆಂದು ಅರ್ಥ. ಮೀನಿಗೆ ಆಕ್ಸಿಟೆಟ್ರಾಸೈಕ್ಲಿನ್ ಚುಚ್ಚಿ ಗುರುತುಪಟ್ಟಿ ಕಟ್ಟಿ ಬಿಟ್ಟು, ವರ್ಷಗಳ ನಂತರ ಮತ್ತೆ ಹಿಡಿದಾಗ, ಮೂಳೆಯಲ್ಲಿ ಸೇರಿಕೊಂಡ ಆ ಔಷಧ ನೇರಳಾತೀತ ಬೆಳಕಿನಲ್ಲಿ ಹೊಳೆಯುತ್ತದೆ, ಅದರ ಹೊರಗಿನ ಉಂಗುರಗಳ ಸಂಖ್ಯೆ ಕಳೆದ ವರ್ಷಗಳಿಗೆ ಸಮನಾಗಿರಬೇಕು. ಎಲ್ಲಕ್ಕಿಂತ ನೇರವಾದ ದಾರಿ ಹುಟ್ಟಿದ ದಿನ ಗೊತ್ತಿರುವ ಮೀನು. ಕರ್ನಾಟಕದ ನೀರಾವರಿ ಕೆರೆಗಳಿಗೆ ಬಲಿತ ಬಿತ್ತನೆ ಮರಿಗಳನ್ನು ಬಿಡುವ ಪದ್ಧತಿ ಈ ದೃಷ್ಟಿಯಿಂದ ಬಹಳ ಬೆಲೆಯುಳ್ಳದ್ದು: ಹಿಂದಿನ ಬೇಸಿಗೆಯಲ್ಲಿ ಪೂರ್ತಿ ಬತ್ತಿದ್ದ ಕೆರೆಗೆ ಬಿತ್ತನೆಯಾದ ಗೆಂಡೆಗಳ ವಯಸ್ಸು ಬಿತ್ತನೆಯ ದಾಖಲೆಯಲ್ಲಿಯೇ ಇರುವುದರಿಂದ, ಅವುಗಳ ಹುರುಪೆಗಳೂ ಕಿವಿಗಲ್ಲುಗಳೂ ನದಿಯ ಮೀನುಗಳನ್ನು ಓದಲು ಕೀಲಿಕೈಯಾಗಬಲ್ಲವು.

ದೀರ್ಘಾಯುಷಿ ಮೀನುಗಳಿಗೆ ಈ ದಾರಿಗಳು ಸಾಲವು. 1950 ಮತ್ತು 60ರ ದಶಕಗಳ ಪರಮಾಣು ಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ವಿಕಿರಣಶೀಲ ಇಂಗಾಲದ ಪ್ರಮಾಣ ಹಠಾತ್ತನೆ ಏರಿ, ಆ ಏರಿಕೆ ಆಗ ಬೆಳೆಯುತ್ತಿದ್ದ ಕಿವಿಗಲ್ಲುಗಳ ಪದರಗಳಲ್ಲಿಯೂ ದಾಖಲಾಗಿದೆ. ಕಲ್ಲಿನ ನಡುಭಾಗದ ಇಂಗಾಲವನ್ನು ಅಳೆದರೆ ಮೀನು ಆ ಏರಿಕೆಗೆ ಮುಂಚೆ ಹುಟ್ಟಿತೋ ಅನಂತರವೋ ತಿಳಿಯುತ್ತದೆ. ಅಮೆರಿಕದ ಬಿಗ್‌ಮೌತ್ ಬಫೆಲೋ ಎಂಬ ಸಿಹಿನೀರು ಮೀನಿನ ಕಥೆ ಇದರ ಮಹತ್ವವನ್ನು ಸ್ಪಷ್ಟಪಡಿಸುತ್ತದೆ. ಇದರ ಗರಿಷ್ಠ ಆಯುಸ್ಸು 26 ವರ್ಷವೆಂದು ನಂಬಲಾಗಿತ್ತು. 2019ರಲ್ಲಿ ಲ್ಯಾಕ್‌ಮನ್ ಮತ್ತು ಸಂಗಡಿಗರು ಕಿವಿಗಲ್ಲುಗಳ ತೆಳುಕೊಯ್ತಗಳನ್ನು ಎಣಿಸಿ, ಬಾಂಬ್ ಇಂಗಾಲದಿಂದ ಅದನ್ನು ದೃಢಪಡಿಸಿ, ಮಿನೆಸೋಟದ ಒಂದು ಹೆಣ್ಣುಮೀನಿಗೆ 112 ವರ್ಷವಾಗಿತ್ತೆಂದು ತೋರಿಸಿದರು. ಕೆಲವು ನೀರುಗಳಲ್ಲಿ ಉಳಿದಿದ್ದ ಮೀನುಗಳಲ್ಲಿ ಹೆಚ್ಚಿನವು 80 ವರ್ಷ ದಾಟಿದವಾಗಿದ್ದವು; ಅಂದರೆ ಅಣೆಕಟ್ಟುಗಳು ಬಂದ ಕಾಲದಿಂದ ಅಲ್ಲಿ ಮರಿಗಳು ಬದುಕಿ ಬೆಳೆದದ್ದು ತೀರ ವಿರಳ. ಅಲ್ಲಿಯವರೆಗೆ ಇದನ್ನು ಕೀಳು ಮೀನೆಂದು ಎಣಿಸಿ ಬಿಲ್ಲುಬಾಣದಿಂದ ಮಿತಿಯಿಲ್ಲದೆ ಬೇಟೆಯಾಡಲು ಬಿಡಲಾಗಿತ್ತು. ವಯಸ್ಸಿನ ಲೆಕ್ಕ ನಾಲ್ಕು ಪಟ್ಟು ತಪ್ಪಿದಾಗ ಒಂದು ಸಂಕುಲ ಎಷ್ಟು ಸದ್ದಿಲ್ಲದೆ ಕ್ಷೀಣಿಸಬಲ್ಲದೆಂಬುದಕ್ಕೆ ಇದಕ್ಕಿಂತ ಬಲವಾದ ನಿದರ್ಶನ ಸಿಹಿನೀರಿನಲ್ಲಿ ದೊರೆಯುವುದು ಕಷ್ಟ.

ಉದ್ದದ ಹಂಚಿಕೆ ಮತ್ತು ಬೆಳವಣಿಗೆಯ ಸಮೀಕರಣ

ಪೀಟರ್‌ಸನ್ನನ ವಿಧಾನದಲ್ಲಿ ಹಿಡಿದ ಮೀನುಗಳನ್ನೆಲ್ಲ ಅಳೆದು, ಯಾವ ಉದ್ದದವು ಎಷ್ಟಿವೆಯೆಂದು ನಕ್ಷೆ ಬರೆದರೆ, ಒಂದೊಂದು ವರ್ಷದ ಮರಿಗಳು ಒಂದೊಂದು ಗುಡ್ಡವಾಗಿ ಕಾಣುತ್ತವೆ. ವರ್ಷಕ್ಕೊಮ್ಮೆ, ಕೆಲವೇ ವಾರಗಳಲ್ಲಿ ಮೊಟ್ಟೆಯಿಡುವ ಅಲ್ಪಾಯುಷಿ ಮೀನುಗಳಿಗೆ ಇದು ಹೊಂದುತ್ತದೆ. ವರ್ಷದಲ್ಲಿ ಹಲವು ಸಲ ಮರಿಮಾಡುವ ತಿಲಾಪಿಯಾಕ್ಕೆ ಹೊಂದುವುದಿಲ್ಲ. ಯಾವ ಮೀನಿನಲ್ಲಿಯೇ ಆಗಲಿ ಮೂರು ನಾಲ್ಕು ವರ್ಷಗಳ ನಂತರ ಗುಡ್ಡಗಳು ಒಂದರೊಳಗೊಂದು ಕರಗಿಹೋಗುತ್ತವೆ. ಪೀಟರ್‌ಸನ್ನನ ವಿಧಾನವನ್ನು ಗಣಕಯಂತ್ರಕ್ಕೆ ಒಗ್ಗಿಸಿ ಪೌಲಿ ಮತ್ತು ಡೇವಿಡ್ 1981ರಲ್ಲಿ ರೂಪಿಸಿದ ಎಲಿಫನ್ ಎಂಬ ಕ್ರಮವು ಉಷ್ಣವಲಯದ ದೇಶಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು. ಅಗ್ಗದ ಅಳತೆಪಟ್ಟಿಯೊಂದಿದ್ದರೆ ಸಾಕಾಗುವುದೇ ಅದರ ಆಕರ್ಷಣೆ. ಗಟ್ಟಿ ಭಾಗಗಳ ಸಾಕ್ಷ್ಯವಿಲ್ಲದೆ ಅದೊಂದನ್ನೇ ನೆಚ್ಚಿದರೆ ದೀರ್ಘಾಯುಷಿ ಮೀನುಗಳ ವಿಷಯದಲ್ಲಿ ಮೋಸಹೋಗುವುದು ನಿಶ್ಚಿತ.

ಹುರುಪೆಯ ಉಂಗುರಗಳಿಂದ ಮೀನಿನ ಹಿಂದಿನ ಉದ್ದವನ್ನೂ ಕಂಡುಹಿಡಿಯಬಹುದು. ನಾರ್ವೆಯ ಐನಾರ್ ಲೇ 1910ರಲ್ಲಿ ಬಳಸಿದ ಸರಳ ಅನುಪಾತದ ಪ್ರಕಾರ, 40 ಸೆಂ.ಮೀ. ಉದ್ದದ ಮೀನಿನ ಹುರುಪೆಯ ತ್ರಿಜ್ಯ 8 ಮಿ.ಮೀ. ಇದ್ದು ಮೊದಲ ಉಂಗುರ 3 ಮಿ.ಮೀ. ದೂರದಲ್ಲಿದ್ದರೆ, ಒಂದು ವರ್ಷ ತುಂಬಿದಾಗ ಮೀನು 15 ಸೆಂ.ಮೀ. ಇತ್ತೆಂದಾಗುತ್ತದೆ. ಹುಟ್ಟುವಾಗ ಮೀನಿಗೆ ಹುರುಪೆ ಇರುವುದಿಲ್ಲವಾದ್ದರಿಂದ, ಹುರುಪೆ ಮೂಡುವ ವೇಳೆಗೆ ಮರಿ 2 ಸೆಂ.ಮೀ. ಇದ್ದಿತೆಂದು ತಿದ್ದುಪಡಿ ಮಾಡಿದರೆ ಉತ್ತರ ಸುಮಾರು 16 ಸೆಂ.ಮೀ. ಆಗುತ್ತದೆ, ಈ ತಿದ್ದುಪಡಿಗೆ ಫ್ರೇಸರ್ ಮತ್ತು ರೋಸಾ ಲೀ ಅವರ ಹೆಸರಿದೆ. ಮುದಿ ಮೀನುಗಳ ಹುರುಪೆಯಿಂದ ಲೆಕ್ಕಹಾಕಿದ ಎಳವೆಯ ಉದ್ದವು ಎಳೆಯ ಮೀನುಗಳಿಂದ ಲೆಕ್ಕಹಾಕಿದ್ದಕ್ಕಿಂತ ಚಿಕ್ಕದಾಗಿ ಬರುವುದನ್ನು ರೋಸಾ ಲೀ 1912ರಲ್ಲಿ ಗುರುತಿಸಿದರು. ಲೆಕ್ಕದ ದೋಷವಿಲ್ಲದಿರುವಾಗಲೂ ಹೀಗಾಗುವುದುಂಟು: ವೇಗವಾಗಿ ಬೆಳೆದ ಮೀನುಗಳು ಮೊದಲು ಬಲೆಯ ಕಣ್ಣಿಗೆ ಸಿಕ್ಕಿ ಸಾಯುವುದರಿಂದ ನಿಧಾನವಾಗಿ ಬೆಳೆದವೇ ಮುದಿಯಾಗುವವರೆಗೆ ಉಳಿದಿರುತ್ತವೆ. ಹೀಗೆ ಒಂದು ಹುರುಪೆ ಮೀನುಗಾರಿಕೆಯ ಒತ್ತಡವನ್ನೂ ದಾಖಲಿಸಿಕೊಂಡಿರುತ್ತದೆ.

ವಯಸ್ಸಿಗೂ ಉದ್ದಕ್ಕೂ ಇರುವ ಸಂಬಂಧವನ್ನು ಸಾಮಾನ್ಯವಾಗಿ ಫಾನ್ ಬರ್ಟಲನ್‌ಫಿ 1938ರಲ್ಲಿ ಮಂಡಿಸಿದ ಸಮೀಕರಣದಿಂದ ನಿರೂಪಿಸುತ್ತಾರೆ. ಅದರ ತಿರುಳು ಸರಳವಾದುದು: ಸಂಕುಲದ ಮೀನು ಸರಾಸರಿಯಾಗಿ ಸಮೀಪಿಸಬಹುದಾದ ಒಂದು ಮೇರೆಯ ಉದ್ದವಿದ್ದು, ಆ ಮೇರೆಗೆ ಉಳಿದಿರುವ ಅಂತರದಲ್ಲಿ ಒಂದು ನಿಶ್ಚಿತ ಪಾಲನ್ನು ಮೀನು ಪ್ರತಿವರ್ಷ ಕ್ರಮಿಸುತ್ತದೆ. ಆ ಪಾಲನ್ನು ನಿರ್ಧರಿಸುವ ಸ್ಥಿರಾಂಕವನ್ನು ಕೆ ಎಂದು ಗುರುತಿಸುತ್ತಾರೆ. ಮೇರೆ 100 ಸೆಂ.ಮೀ., ಕೆ ಬೆಲೆ 0.3 ಎಂದು ಕಲ್ಪಿಸಿಕೊಂಡರೆ ಮೀನು ಒಂದರಿಂದ ಐದನೆಯ ವರ್ಷದವರೆಗೆ ಕ್ರಮವಾಗಿ 26, 45, 59, 70 ಮತ್ತು 78 ಸೆಂ.ಮೀ. ಆಗುತ್ತದೆ, 90 ಸೆಂ.ಮೀ. ತಲುಪಲು ಸುಮಾರು ಎಂಟು ವರ್ಷ ಬೇಕು. ಕೆ ಬೆಳವಣಿಗೆಯ ವೇಗವಲ್ಲ, ಮೇರೆಯನ್ನು ಸಮೀಪಿಸುವ ತೀವ್ರತೆ. ಚಿಕ್ಕ ಮೀನೊಂದು ಬೇಗ ತನ್ನ ಮೇರೆ ಮುಟ್ಟಿ ದೊಡ್ಡ ಕೆ ತೋರಿಸಬಹುದು, ವರ್ಷಕ್ಕೆ ಹೆಚ್ಚು ಸೆಂಟಿಮೀಟರ್ ಬೆಳೆಯುವ ದೊಡ್ಡ ಮೀನು ಸಣ್ಣ ಕೆ ತೋರಿಸಬಹುದು. ಎರಡು ಸಂಕುಲಗಳ ಕೆ ಬೆಲೆಗಳನ್ನಷ್ಟೇ ಪಕ್ಕಪಕ್ಕ ಇಟ್ಟು ತೀರ್ಪು ಕೊಡುವುದು ಈ ಕಾರಣಕ್ಕೇ ತಪ್ಪು. ತೂಕವಾದರೋ ಸ್ಥೂಲವಾಗಿ ಉದ್ದದ ಘನಕ್ಕೆ ಅನುಗುಣವಾಗಿ ಏರುತ್ತದೆ, ನಿರೀಕ್ಷಿತ ತೂಕಕ್ಕಿಂತ ಮೀನು ಎಷ್ಟು ಹೆಚ್ಚು ಅಥವಾ ಕಡಿಮೆ ತೂಗುತ್ತದೆಂಬುದರಿಂದ ಅದರ ಪುಷ್ಟಿಯನ್ನು ಅಳೆಯುತ್ತಾರೆ.

ಕೊಲ್ಲದೆ ವಯಸ್ಸನ್ನು ತಿಳಿಯುವ ಪ್ರಯತ್ನ

ಕಿವಿಗಲ್ಲನ್ನು ಪಡೆಯಲು ಮೀನು ಸಾಯಲೇಬೇಕು. ಕಾವೇರಿ ಕೊಳ್ಳದ ಗೂನುಬೆನ್ನಿನ ಮಹಸೀರ್‌ನಂಥ, ಸ್ಥಳೀಯರು ಬಿಳಿಮೀನು ಎಂದು ಕರೆಯುವ ವರ್ಗಕ್ಕೆ ಸೇರಿದ, 2018ರಲ್ಲಿ ಅಳಿವಿನ ತೀವ್ರ ಅಪಾಯದ ಪಟ್ಟಿಗೆ ಸೇರಿದ ಮೀನಿನ ವಿಷಯದಲ್ಲಿ ಇದು ಯೋಚಿಸಲೂ ಆಗದ ಬೆಲೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಮತ್ಸ್ಯತೀರ್ಥದಲ್ಲಿ ದೇವರ ಮೀನುಗಳೆಂದು ಕಾಪಾಡಿಕೊಂಡು ಬಂದಿರುವ ಮಹಸೀರ್‌ಗಳಿಗೂ ಈ ಮಾತು ಅನ್ವಯಿಸುತ್ತದೆ. ಇಂಥ ಕಡೆ ಹುರುಪೆ, ಈಜುರೆಕ್ಕೆಯ ಕಡ್ಡಿಯ ಚೂರು, ಗುರುತು ಹಾಕಿ ಮರುಹಿಡಿಯುವುದು ಇವೇ ಆಧಾರ. ಹುರುಪೆಯೂ ಕಡ್ಡಿಯೂ ಮುದಿ ಮೀನುಗಳ ವಯಸ್ಸನ್ನು ಕಡಿಮೆ ತೋರಿಸಬಹುದೆಂಬ ಅರಿವಿನೊಡನೆ ಅವನ್ನು ಬಳಸಬೇಕು.

ಹೊಸ ದಾರಿಯೊಂದು ತೆರೆದಿದೆ. ವಯಸ್ಸಾದಂತೆ ಡಿಎನ್‌ಎ ಮೇಲಿನ ಮೀಥೈಲ್ ಗುಂಪುಗಳ ವಿನ್ಯಾಸ ಕ್ರಮವಾಗಿ ಬದಲಾಗುವುದನ್ನು ಆಧರಿಸಿ, ಆಸ್ಟ್ರೇಲಿಯದ ಸಂಶೋಧಕರು 2021ರಲ್ಲಿ ಅಲ್ಲಿಯ ಶ್ವಾಸಕೋಶ ಮೀನು, ಮರ್ರೆ ಕಾಡ್ ಮತ್ತು ಮೇರಿ ನದಿಯ ಕಾಡ್ ಎಂಬ ಮೂರು ಅಪಾಯಗ್ರಸ್ತ ಸಿಹಿನೀರು ಮೀನುಗಳ ವಯಸ್ಸನ್ನು ಈಜುರೆಕ್ಕೆಯ ಸಣ್ಣ ಚೂರಿನಿಂದ ಅಂದಾಜು ಮಾಡಿದರು. ಆದರೆ ಈ ಗಡಿಯಾರವನ್ನು ಹೊಂದಿಸಲು ಮೊದಲು ವಯಸ್ಸು ತಿಳಿದ ಮೀನುಗಳು ಬೇಕು. ಶ್ವಾಸಕೋಶ ಮೀನಿನಲ್ಲಿ ಹುರುಪೆಗಳಲ್ಲಿದ್ದ ಬಾಂಬ್ ಇಂಗಾಲದಿಂದ ಪಡೆದ ವಯಸ್ಸುಗಳು ಅದಕ್ಕೆ ನೆರವಾದವು. ಕಾವೇರಿಯ ಮಹಸೀರ್‌ಗೆ ಅಂಥ ಗಡಿಯಾರ ಕಟ್ಟಬೇಕಾದರೆ, ಮರಿ ಉತ್ಪಾದನಾ ಕೇಂದ್ರದಲ್ಲಿ ಹುಟ್ಟಿ, ಪ್ರಭೇದ ಖಚಿತವಾಗಿ, ಗುರುತುಪಟ್ಟಿಯೊಡನೆ ನೀರಿಗಿಳಿದು, ವರ್ಷಗಳ ನಂತರ ಮತ್ತೆ ಕೈಗೆ ಸಿಗುವ ಮೀನುಗಳ ದಾಖಲೆ ಮೊದಲು ಸಿದ್ಧವಾಗಬೇಕು.